ಪಾಲಿಷ್ ಹೊಡೆಸಿದ ಕಾರಿಗೆ ಮೈಲೇಜ್ ಜಾಸ್ತಿ ಬರುತ್ತದಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬರುವುದಿಲ್ಲ. ಬಂದರೂ ಅದು ಬಂಕಿನ ಬಿಲ್ಲಿನಲ್ಲಿ ಕಾಣುವಷ್ಟು ಇರುವುದಿಲ್ಲ. ಆದರೆ ಯಾಕೆ ಬರುವುದಿಲ್ಲ ಅನ್ನುವುದು ಇದೆಯಲ್ಲ, ಅದು ತುಂಬಾ ಸ್ವಾರಸ್ಯದ ವಿಷಯ. ಅದನ್ನು ಒಮ್ಮೆ ಸರಿಯಾಗಿ ಅರ್ಥ ಮಾಡಿಕೊಂಡರೆ ನಮ್ಮ ಪೆಟ್ರೋಲ್ ದುಡ್ಡು ನಿಜವಾಗಿ ಎಲ್ಲಿ ಹೋಗುತ್ತಿದೆ ಅನ್ನುವುದೂ ಗೊತ್ತಾಗುತ್ತದೆ. ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಅದು ಗೊತ್ತಿರಲೇಬೇಕು.

ಮೈಲೇಜ್ ಹೆಚ್ಚುತ್ತದೆ ಅನ್ನುವವರ ವಾದ ಹೀಗಿರುತ್ತದೆ. ಬಾಡಿ ನುಣುಪಾದರೆ ಗಾಳಿ ಅದರ ಮೇಲೆ ಜಾರಿಕೊಂಡು ಹೋಗುತ್ತದೆ, ಗಾಳಿ ಜಾರಿದರೆ ಎಂಜಿನ್‌ಗೆ ಕೆಲಸ ಕಡಿಮೆ, ಕೆಲಸ ಕಡಿಮೆಯಾದರೆ ಪೆಟ್ರೋಲ್ ಕಡಿಮೆ. ಕೇಳುವುದಕ್ಕೆ ಸರಿಯಾಗಿಯೇ ಇದೆ. ವಿಮಾನದ ಮೈ ನುಣುಪಾಗಿರುತ್ತದೆ, ಹಾಗಾದರೆ ಕಾರಿನ ಮೈಯೂ ನುಣುಪಾಗಿದ್ದರೆ ಒಳ್ಳೆಯದೇ ಅಲ್ವಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಕೋಟಿಂಗ್ ಮಾರುವವರಲ್ಲಿ ಕೆಲವರು ಇದೇ ಮಾತನ್ನು ಸೇರಿಸಿ ಹೇಳುತ್ತಾರೆ. ಈ ವಾದದಲ್ಲಿ ದಿಕ್ಕು ತಪ್ಪಿಲ್ಲ. ತಪ್ಪಿರುವುದು ಅಳತೆ.

ಕಾರಿಗೆ ಗಾಳಿ ಎರಡು ರೀತಿ ಅಡ್ಡಿ ಮಾಡುತ್ತದೆ. ಒಂದು, ಗಾಳಿ ಬಾಡಿಯ ಮೇಲೆ ಉಜ್ಜಿಕೊಂಡು ಹೋಗುವುದರಿಂದ ಆಗುವ ತಡೆ. ಇನ್ನೊಂದು, ಒತ್ತಡದ ತಡೆ. ಕಾರು ಮುಂದೆ ನುಗ್ಗಿದಾಗ ಮುಂಭಾಗದಲ್ಲಿ ಗಾಳಿ ಒತ್ತಿಕೊಳ್ಳುತ್ತದೆ, ಹಿಂಭಾಗದಲ್ಲಿ ಗಾಳಿ ಬಾಡಿಯನ್ನು ಬಿಟ್ಟು ಸುಳಿ ಸುಳಿಯಾಗಿ ಚದುರುತ್ತದೆ. ಅಲ್ಲಿ ಒತ್ತಡ ಕಡಿಮೆ. ಮುಂದೆ ಜಾಸ್ತಿ ಒತ್ತಡ, ಹಿಂದೆ ಕಡಿಮೆ ಒತ್ತಡ. ಅಂದರೆ ಗಾಳಿ ಕಾರನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ಬಸ್ಸಿನ ಹಿಂದೆ ಧೂಳು ಮತ್ತು ತರಗೆಲೆ ಸುತ್ತಿಕೊಂಡು ಬರುವುದನ್ನು ನೋಡಿದ್ದೀರಲ್ಲ, ಆ ಸುಳಿಗಳೇ ಇವು. ಅವುಗಳನ್ನು ಎಬ್ಬಿಸುವ ಶಕ್ತಿ ಟ್ಯಾಂಕಿನಿಂದಲೇ ಬರಬೇಕು.

ಈಗ ಮುಖ್ಯ ಮಾತು. ಕಾರಿನ ವಿಷಯದಲ್ಲಿ ಗಾಳಿಯ ತಡೆಯ ಬಹುಪಾಲು ಈ ಎರಡನೆಯದು, ಒತ್ತಡದ್ದು. ಉಜ್ಜಾಟದ ಪಾಲು ಸುಮಾರು ಹತ್ತನೇ ಒಂದು ಭಾಗ ಅಷ್ಟೇ. ಒತ್ತಡದ ತಡೆಯನ್ನು ನಿರ್ಧರಿಸುವುದು ಕಾರಿನ ಆಕಾರ. ಹಿಂಭಾಗ ಹೇಗೆ ಇಳಿಯುತ್ತದೆ, ಚಕ್ರ ಮತ್ತು ಚಕ್ರದ ಗೂಡು ಹೇಗಿವೆ, ಅಡಿಭಾಗ ಮುಚ್ಚಿದೆಯಾ ತೆರೆದಿದೆಯಾ, ಕನ್ನಡಿ ಎಷ್ಟು ದೊಡ್ಡದು, ಇವೆಲ್ಲ. ಚಕ್ರ ಮತ್ತು ಅದರ ಗೂಡುಗಳೇ ಒಟ್ಟು ಗಾಳಿ ತಡೆಯ ಕಾಲು ಭಾಗದಷ್ಟಕ್ಕೆ ಕಾರಣ. ಪಾಲಿಷ್ ಇದ್ಯಾವುದನ್ನೂ ಮುಟ್ಟುವುದಿಲ್ಲ. ಅದು ಮುಟ್ಟಬಹುದಾದದ್ದು ಆ ಹತ್ತನೇ ಒಂದು ಭಾಗವನ್ನು ಮಾತ್ರ. ಅದನ್ನೂ ನಿಜವಾಗಿ ಮುಟ್ಟುತ್ತದಾ? ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. ಸುಮಾರು 1,000 ಕಿಲೋ ತೂಗುವ ಸಾಧಾರಣ ಹ್ಯಾಚ್‌ಬ್ಯಾಕ್ ಒಂದನ್ನು ತೆಗೆದುಕೊಳ್ಳೋಣ. ಡಾಂಬರು ರಸ್ತೆಯಲ್ಲಿ ಟೈರ್ ಉರುಳುವುದಕ್ಕೇ ಅದರ ತೂಕದ ನೂರರಲ್ಲಿ ಒಂದು ಪಾಲಿನಷ್ಟು ತಡೆ ಇರುತ್ತದೆ. ಅಂದರೆ ಸುಮಾರು 10 ಕಿಲೋ. ಇದು ವೇಗ ಹೆಚ್ಚಾದರೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಗಾಳಿಯ ತಡೆ ಹಾಗಲ್ಲ. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ. ಬೆಂಗಳೂರಿನ ಎತ್ತರದ ಗಾಳಿಯಲ್ಲಿ ಇಂಥ ಕಾರಿಗೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಿಗುವ ಗಾಳಿ ತಡೆ ಬರೀ 1.2 ಕಿಲೋದಷ್ಟು. 40ರಲ್ಲಿ ಸುಮಾರು 5 ಕಿಲೋ, 80ರಲ್ಲಿ ಸುಮಾರು 19 ಕಿಲೋ, 100ರಲ್ಲಿ 30 ಕಿಲೋ. ಇವು ಅಂದಾಜಿನ ಲೆಕ್ಕಗಳು. ಕಾರಿನಿಂದ ಕಾರಿಗೆ ಹೆಚ್ಚು ಕಡಿಮೆ ಆಗುತ್ತವೆ, ಆದರೆ ಏರುವ ರೀತಿ ಎಲ್ಲ ಕಾರಿಗೂ ಒಂದೇ.

ಇದರಿಂದ ಏನು ಗೊತ್ತಾಯಿತು? ಸಿಲ್ಕ್ ಬೋರ್ಡ್ ಕಡೆಯಿಂದ ಹೆಬ್ಬಾಳದ ಕಡೆಗೆ ಆಫೀಸ್ ಸಮಯದಲ್ಲಿ ಹೋಗುವವರಿಗೆ ಗಾಳಿ ಒಂದು ಸಮಸ್ಯೆಯೇ ಅಲ್ಲ. 1.2 ಕಿಲೋ ತಡೆಯಲ್ಲಿ ಹತ್ತನೇ ಒಂದು ಭಾಗ ಅಂದರೆ 120 ಗ್ರಾಂ. ಪಾಲಿಷ್ ಆ 120 ಗ್ರಾಮನ್ನು ಪೂರ್ತಿ ಅಳಿಸಿಹಾಕಿದರೂ ಏನೂ ಗೊತ್ತಾಗುವುದಿಲ್ಲ. ಊರೊಳಗೆ ಪೆಟ್ರೋಲ್ ಕುಡಿಯುವುದು ನಿಲ್ಲುವುದು, ಹೊರಡುವುದು, ಮತ್ತೆ ಬ್ರೇಕ್ ಒತ್ತುವುದು. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಅಷ್ಟು ಹೊತ್ತು ಕಷ್ಟಪಟ್ಟು ತಂದ ವೇಗ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹಾಳಾಗುತ್ತದೆ. ಜೊತೆಗೆ ಎಸಿ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತರೆ ಸಣ್ಣ ಎಂಜಿನ್ ಕೂಡ ಗಂಟೆಗೆ ಅರ್ಧ ಲೀಟರಿಗಿಂತ ಜಾಸ್ತಿ ಸುಡುತ್ತದೆ, ಒಂದು ಮೀಟರ್ ಕೂಡ ಮುಂದೆ ಹೋಗದೆ.

ಹೆದ್ದಾರಿಯಲ್ಲಿ ಕತೆ ಬೇರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಮಿತಿಯಲ್ಲಿ ಹೋಗುತ್ತಿದ್ದರೆ ಗಾಳಿಯ ತಡೆ ಟೈರಿನ ತಡೆಯ ಮೂರು ಪಟ್ಟು. ಅಲ್ಲಿ ಗಾಳಿಯ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕೆ ಅರ್ಥ ಇದೆ. ಹಾಗಾದರೆ ಅಲ್ಲಾದರೂ ಪಾಲಿಷ್ ಉಪಯೋಗಕ್ಕೆ ಬರಬೇಕಲ್ಲ? ಇಲ್ಲೇ ವಿಷಯ ನಿಜಕ್ಕೂ ಸ್ವಾರಸ್ಯವಾಗುವುದು.

ಗಾಳಿಗೆ ಕಾಣದಷ್ಟು ಸಣ್ಣ ಗೀರು

1904ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ನಡೆದ ಗಣಿತಜ್ಞರ ಸಮ್ಮೇಳನದಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಎಂಜಿನಿಯರ್ ಒಂದು ಚಿಕ್ಕ ಪ್ರಬಂಧ ಓದಿದರು. ಗಾಳಿಯಾಗಲಿ ನೀರಾಗಲಿ ಒಂದು ವಸ್ತುವಿನ ಮೇಲೆ ಹರಿಯುವಾಗ, ಆ ವಸ್ತುವಿಗೆ ತಾಗಿಕೊಂಡಿರುವ ಕಣಗಳು ಜಾರುವುದೇ ಇಲ್ಲ, ಅಲ್ಲೇ ಅಂಟಿಕೊಂಡಿರುತ್ತವೆ. ಅದರ ಮೇಲಿನವು ಸ್ವಲ್ಪ ಚಲಿಸುತ್ತವೆ, ಇನ್ನೂ ಮೇಲಿನವು ಇನ್ನಷ್ಟು. ಹೀಗೆ ಸೊನ್ನೆಯಿಂದ ಪೂರ್ತಿ ವೇಗದವರೆಗೆ ಏರುವ ಒಂದು ತೆಳು ಪದರ ಇರುತ್ತದೆ, ಉಜ್ಜಾಟದ ಆಟವೆಲ್ಲ ಅದರೊಳಗೇ ನಡೆಯುತ್ತದೆ ಅಂತ ಅವರು ತೋರಿಸಿದರು. ಅದನ್ನು ಬೌಂಡರಿ ಲೇಯರ್ ಅನ್ನುತ್ತಾರೆ. ಇವತ್ತಿನ ವಿಮಾನ ಶಾಸ್ತ್ರ ಪೂರ್ತಿ ಈ ವಿಚಾರದ ಮೇಲೆ ನಿಂತಿದೆ.

ಇದನ್ನು ಗಮನಿಸಿ. ತಾಗಿಕೊಂಡಿರುವ ಗಾಳಿ ಜಾರುವುದೇ ಇಲ್ಲ. ಬಾನೆಟ್ ಎಷ್ಟೇ ಹೊಳೆಯಲಿ, ಅದಕ್ಕೆ ವ್ಯಾಕ್ಸ್ ಹಾಕಿರಲಿ, ಸೆರಾಮಿಕ್ ಹಾಕಿರಲಿ, ಗಾಳಿಯ ಕೊನೆಯ ಪದರ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಮಳೆ ಹನಿ ಉರುಳಿ ಹೋಗುವುದನ್ನು ನೋಡಿ ಗಾಳಿಯೂ ಹಾಗೇ ಉರುಳುತ್ತದೆ ಅಂದುಕೊಳ್ಳುತ್ತೇವೆ. ನೀರಿನ ಹನಿ ಉರುಳುವುದು ಹನಿಯ ಅಂಚಿನಲ್ಲಿರುವ ಮೇಲ್ಮೈ ಸೆಳೆತದಿಂದ. ಗಾಳಿಗೆ ಅಂಥ ಅಂಚೇ ಇಲ್ಲ.

ಹಾಗಾದರೆ ಒರಟುತನ ಲೆಕ್ಕಕ್ಕೇ ಇಲ್ಲವಾ? ಇದೆ, ಆದರೆ ಅದು ಒಂದು ಎತ್ತರವನ್ನು ದಾಟಿದ ಮೇಲೆ. ಬಾಡಿಗೆ ತೀರಾ ಹತ್ತಿರ, ಬೌಂಡರಿ ಲೇಯರಿನ ತಳದಲ್ಲಿ, ಗಾಳಿ ಸುಳಿಯಿಲ್ಲದೆ ನಿಧಾನವಾಗಿ ಸಾಗುವ ಇನ್ನೊಂದು ಪದರ ಇರುತ್ತದೆ. ಹೊಳೆಯಲ್ಲಿ ಮೇಲೆ ನೀರು ರಭಸವಾಗಿ ಹೋಗುತ್ತಿದ್ದರೂ ತಳದ ನಯವಾದ ಕೆಸರು ಕದಲದೆ ಇರುತ್ತದಲ್ಲ, ಹಾಗೆ. ಆ ನಿಧಾನದ ಪದರದೊಳಗೆ ಮುಳುಗಿರುವ ಉಬ್ಬು ತಗ್ಗು ಯಾವುದೂ ಮೇಲಿನ ಗಾಳಿಗೆ ಗೊತ್ತೇ ಆಗುವುದಿಲ್ಲ. ಉಬ್ಬು ಆ ಪದರಕ್ಕಿಂತ ಎತ್ತರ ಬೆಳೆದು ತಲೆ ಹೊರಗೆ ಹಾಕಿದರೆ ಮಾತ್ರ ಗಾಳಿ ಅದಕ್ಕೆ ಬಡಿದು ತಡೆ ಹೆಚ್ಚಾಗುತ್ತದೆ.

ಆ ಪದರ ಎಷ್ಟು ದಪ್ಪ? 80 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ ಸುಮಾರು 80 ಮೈಕ್ರಾನ್ ಬರುತ್ತದೆ. ಒಂದು ಮಿಲಿಮೀಟರಿನಲ್ಲಿ 1,000 ಮೈಕ್ರಾನ್. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಕಾರಿನ ಮೈಮೇಲೆ ಒಂದು ಕೂದಲಿನಷ್ಟು ದಪ್ಪದ ನಿಧಾನದ ಗಾಳಿ ಹೊದ್ದುಕೊಂಡಿರುತ್ತದೆ. ಈಗ ಪೇಂಟ್ ನೋಡಿ. ಫ್ಯಾಕ್ಟರಿಯಿಂದ ಬಂದ ಕಾರಿನಲ್ಲಿ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 40–50 ಮೈಕ್ರಾನ್ ಅಷ್ಟೇ. ಬಿಸಿಲಿನಲ್ಲಿ ನೋಡಿದಾಗ ಜೇಡರ ಬಲೆಯ ಹಾಗೆ ಕಾಣುವ ಆ ವೃತ್ತಾಕಾರದ ಸಣ್ಣ ಗೀರುಗಳು, ಪಾಲಿಷ್ ಮಾಡಿ ತೆಗೆಯುವುದು ಅವನ್ನೇ, ಅವುಗಳ ಆಳ ಕೆಲವೇ ಮೈಕ್ರಾನ್. ಉಗುರಿಗೆ ತಗಲುವಷ್ಟು ಆಳದ ಗೀರನ್ನು ಪಾಲಿಷ್ ತೆಗೆಯಲೂ ಆಗುವುದಿಲ್ಲ, ತೆಗೆಯಲು ಹೋದರೆ ಕ್ಲಿಯರ್ ಕೋಟೇ ಹೋಗುತ್ತದೆ.

ಅಲ್ಲಿಗೆ ಲೆಕ್ಕ ಮುಗಿಯಿತು. 80 ಮೈಕ್ರಾನ್ ದಪ್ಪದ ಹೊದಿಕೆಯ ಕೆಳಗೆ ಮೂರು ನಾಲ್ಕು ಮೈಕ್ರಾನ್ ಗೀರು ಇದ್ದರೇನು, ಇಲ್ಲದಿದ್ದರೇನು. ಗಾಳಿಯ ಮಟ್ಟಿಗೆ ಪಾಲಿಷ್ ಮಾಡದ ಕಾರು ಮೊದಲೇ ಪೂರ್ತಿ ನುಣುಪು. ನಮ್ಮ ಕಣ್ಣು ಬೆಳಕಿನ ಲೆಕ್ಕದಲ್ಲಿ ನೋಡುತ್ತದೆ. ಬೆಳಕಿನ ಅಲೆಯ ಉದ್ದ ಒಂದು ಮೈಕ್ರಾನಿಗಿಂತ ಕಡಿಮೆ, ಅದಕ್ಕೇ ಇಷ್ಟು ಸಣ್ಣ ಗೀರು ಕೂಡ ಹೊಳಪನ್ನು ಕೆಡಿಸುತ್ತದೆ. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಾಣುವ ವ್ಯತ್ಯಾಸ ಗಾಳಿಗೆ ಇಲ್ಲವೇ ಇಲ್ಲ. ಈ ತಪ್ಪು ನಂಬಿಕೆಯ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಕೆಸರು ಬೇರೆ, ಪಾಲಿಷ್ ಬೇರೆ

ಈ ವಿಷಯ ಬಂದಾಗಲೆಲ್ಲ ಯಾರಾದರೂ ಮಿತ್‌ಬಸ್ಟರ್ಸ್ ಕಾರ್ಯಕ್ರಮದ ಉದಾಹರಣೆ ಕೊಡುತ್ತಾರೆ. ಅಮೆರಿಕದ ಆ ಟಿವಿ ತಂಡ 2009ರಲ್ಲಿ ಕೆಸರು ಮೆತ್ತಿದ ಕಾರನ್ನೂ ತೊಳೆದ ಕಾರನ್ನೂ ಓಡಿಸಿ ನೋಡಿತು. ಕೊಳಕು ಕಾರಿಗೆ ಗ್ಯಾಲನ್‌ಗೆ 24 ಮೈಲಿ, ತೊಳೆದದ್ದಕ್ಕೆ 26 ಮೈಲಿ ಬಂತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 10.2 ಮತ್ತು 11 ಕಿ.ಮೀ. ಇದು ಸಣ್ಣ ವ್ಯತ್ಯಾಸ ಅಲ್ಲ. ಆದರೆ ಅವರು ಹೋಲಿಸಿದ್ದು ಕೆಸರನ್ನು, ಪಾಲಿಷ್ ಅನ್ನು ಅಲ್ಲ. ಮೆತ್ತಿದ ಕೆಸರಿನ ಉಂಡೆಗಳು ಮಿಲಿಮೀಟರ್ ಲೆಕ್ಕದಲ್ಲಿ ಎದ್ದಿರುತ್ತವೆ. ಅವು ಆ ನಿಧಾನದ ಪದರವನ್ನು ದಾಟಿ ಎಷ್ಟೋ ಮೇಲೆ ತಲೆ ಎತ್ತಿರುತ್ತವೆ, ಜೊತೆಗೆ ತೂಕವೂ ಇರುತ್ತದೆ.

ಅದೇ ಕಾರ್ಯಕ್ರಮದಲ್ಲಿ ಇನ್ನೊಂದು ಪ್ರಯೋಗವೂ ಇತ್ತು, ಅದನ್ನು ಯಾರೂ ಅಷ್ಟಾಗಿ ನೆನಪಿಸುವುದಿಲ್ಲ. ಕಾರಿಗೆಲ್ಲ ಜೇಡಿಮಣ್ಣು ಮೆತ್ತಿ ನುಣುಪು ಮಾಡಿ ಓಡಿಸಿದರು, 26 ಮೈಲಿ ಬಂತು. ಆಮೇಲೆ ಅದೇ ಮಣ್ಣಿನಲ್ಲಿ ಗಾಲ್ಫ್ ಚೆಂಡಿನ ಮೇಲಿರುವಂಥ ಗುಳಿಗಳನ್ನು ಕೊರೆದು, ತೂಕ ಬದಲಾಗದಿರಲಿ ಅಂತ ಕೊರೆದ ಮಣ್ಣನ್ನೂ ಕಾರಿನೊಳಗೇ ಇಟ್ಟು ಓಡಿಸಿದರು. 29 ಮೈಲಿ ಬಂತು! ನುಣುಪಾದ ಕಾರಿಗಿಂತ ಗುಳಿ ಬಿದ್ದ ಕಾರಿಗೆ ಜಾಸ್ತಿ. ಇದು ಗಾಳಿ ಸುರಂಗದಲ್ಲಿ ಮಾಡಿದ ಪರೀಕ್ಷೆ ಅಲ್ಲ, ರಸ್ತೆಯ ಮೇಲೆ ಟಿವಿಗಾಗಿ ಮಾಡಿದ್ದು, ಆದ್ದರಿಂದ ಆ ಅಂಕಿಯನ್ನು ನಾನು ಕಣ್ಣು ಮುಚ್ಚಿ ನಂಬುವುದಿಲ್ಲ. ಆದರೆ ನುಣುಪು ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವ ಸರಳ ನಿಯಮ ಇಲ್ಲ ಅನ್ನುವುದಂತೂ ಖಂಡಿತ. ಗಾಲ್ಫ್ ಚೆಂಡಿನ ಗುಳಿಗಳು ಉಜ್ಜಾಟವನ್ನು ಸ್ವಲ್ಪ ಹೆಚ್ಚಿಸುತ್ತವೆ, ಆದರೆ ಗಾಳಿ ಚೆಂಡಿನ ಹಿಂಭಾಗದವರೆಗೂ ಅಂಟಿಕೊಂಡು ಬರುವ ಹಾಗೆ ಮಾಡಿ ಹಿಂದಿನ ಸುಳಿಯನ್ನು ಚಿಕ್ಕದು ಮಾಡುತ್ತವೆ. ಅದರಿಂದ ಚೆಂಡು ನುಣುಪು ಚೆಂಡಿಗಿಂತ ಸುಮಾರು ಎರಡು ಪಟ್ಟು ದೂರ ಹೋಗುತ್ತದೆ. ಕಾರಿಗೆ ಗುಳಿ ಕೊರೆಯಲು ಹೋಗಬೇಡಿ. ಗುಳಿಗಳು ಆ ಕೆಲಸ ಮಾಡುವುದು ಚೆಂಡಿನ ಮೇಲಿನ ಬೌಂಡರಿ ಲೇಯರನ್ನು ಕಲಕಿ. ಕಾರು ಚೆಂಡಿಗಿಂತ ತುಂಬಾ ದೊಡ್ಡದು, ಅದರ ಮೇಲಿನ ಆ ಪದರ ಗುಳಿಗಳ ಸಹಾಯ ಇಲ್ಲದೆಯೇ ಬಹುತೇಕ ಕಡೆ ಕಲಕಿಕೊಂಡಿರುತ್ತದೆ.

ನುಣುಪು ನಿಜವಾಗಿ ದುಡ್ಡಾಗುವ ಜಾಗಗಳೂ ಇವೆ. ದೋಣಿ, ಹಡಗು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಹಡಗಿನ ತಡೆಯಲ್ಲಿ ಉಜ್ಜಾಟದ ಪಾಲೂ ದೊಡ್ಡದು. ತಳಕ್ಕೆ ಪಾಚಿ, ಕಲ್ಲಿನಂತೆ ಅಂಟುವ ಚಿಪ್ಪಿನ ಜೀವಿಗಳು ಹತ್ತಿದರೆ ಡೀಸೆಲ್ ಖರ್ಚು ಎದ್ದು ಕಾಣುವಷ್ಟು ಏರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆ ಬಿಡುವಿನಲ್ಲಿ ಮಲ್ಪೆ, ಮಂಗಳೂರಿನ ಕಡೆ ಬೋಟುಗಳನ್ನು ಮೇಲಕ್ಕೆ ಎಳೆದು ತಳ ಕೆರೆದು ಬಣ್ಣ ಹೊಡೆಯುತ್ತಾರೆ. ಅದು ಅಂದಕ್ಕೆ ಮಾತ್ರ ಮಾಡುವ ಕೆಲಸ ಅಲ್ಲ.

ವಿಮಾನದಲ್ಲೂ ಉಜ್ಜಾಟದ ಪಾಲು ದೊಡ್ಡದು. ದೊಡ್ಡ ಪ್ರಯಾಣಿಕ ವಿಮಾನ ಎತ್ತರದಲ್ಲಿ ಹಾರುವಾಗ ಅದರ ತಡೆಯ ಸುಮಾರು ಅರ್ಧ ಉಜ್ಜಾಟದ್ದೇ, ಯಾಕೆಂದರೆ ಅದರ ಆಕಾರವನ್ನು ಅಷ್ಟು ತಿದ್ದಿ ತೀಡಿ ಒತ್ತಡದ ತಡೆಯನ್ನು ಇಳಿಸಿಬಿಟ್ಟಿದ್ದಾರೆ. ಅಲ್ಲಿ ಉಜ್ಜಾಟ ಇಳಿಸಲು ಮಾಡಿದ್ದೇನು ಗೊತ್ತಾ? ನುಣುಪು ಹೆಚ್ಚಿಸಲಿಲ್ಲ, ಗೆರೆ ಎಳೆದರು. ಶಾರ್ಕ್ ಚರ್ಮದ ಮೇಲಿರುವ ಹಾಗೆ, ಗಾಳಿ ಹರಿಯುವ ದಿಕ್ಕಿಗೇ ಸಾಗುವ ಅತಿ ಸಣ್ಣ ಗೆರೆಗಳು. ರಿಬ್ಲೆಟ್ ಅಂತ ಹೆಸರು. ನಮ್ಮ ಬೆಂಗಳೂರಿನ ಎನ್‌ಎಎಲ್, ಅಂದರೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲೂ ಇದರ ಮೇಲೆ ಒಳ್ಳೆಯ ಸಂಶೋಧನೆ ನಡೆದಿದೆ. ಜರ್ಮನಿಯ ವಿಮಾನ ನಿರ್ವಹಣೆ ಕಂಪನಿ ಲುಫ್ತಾನ್ಸಾ ಟೆಕ್ನಿಕ್ ಮತ್ತು ರಾಸಾಯನಿಕ ಕಂಪನಿ ಬಿಎಎಸ್‌ಎಫ್ ಸೇರಿ ಮಾಡಿದ ಏರೋಶಾರ್ಕ್ ಎಂಬ ಫಿಲ್ಮ್‌ನಲ್ಲಿ ಇಂಥ ಗೆರೆಗಳು ಸುಮಾರು 50 ಮೈಕ್ರಾನ್ ಅಳತೆಯವು. ಅದನ್ನು ಬೋಯಿಂಗ್ 777 ವಿಮಾನಗಳಿಗೆ ಅಂಟಿಸಿದಾಗ ಉಳಿಯುವ ಇಂಧನ ಸುಮಾರು ಶೇಕಡ 1. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಉಜ್ಜಾಟವೇ ಅರ್ಧ ಪಾಲಿರುವ ವಿಮಾನದಲ್ಲಿ, ವರ್ಷಗಟ್ಟಲೆ ಸಂಶೋಧನೆ ಮಾಡಿ ರೂಪಿಸಿದ ಮೇಲ್ಮೈಯಿಂದ ಬಂದದ್ದು ಶೇಕಡ 1. ಉಜ್ಜಾಟ ಹತ್ತನೇ ಒಂದು ಪಾಲಿರುವ ಕಾರಿನಲ್ಲಿ, ಒಂದು ಡಬ್ಬಿ ವ್ಯಾಕ್ಸ್‌ನಿಂದ ಶೇಕಡ 5 ಬರುತ್ತದೆ ಅಂತ ಯಾರಾದರೂ ಹೇಳಿದರೆ ಹೇಗೆ ನಂಬುವುದು?

ಹಾಗಾದರೆ "ನನಗೆ ಬಂತು" ಅನ್ನುವವರು?

ಅವರು ಸುಳ್ಳು ಹೇಳುತ್ತಿಲ್ಲ. ಮೈಲೇಜ್ ಅಳೆಯುವುದು ನಾವು ಅಂದುಕೊಂಡದ್ದಕ್ಕಿಂತ ಕಷ್ಟದ ಕೆಲಸ, ಅಷ್ಟೇ. ಬಂಕಿನ ಗನ್ ಒಂದೊಂದು ಸಲ ಒಂದೊಂದು ಮಟ್ಟದಲ್ಲಿ ಕಟ್ ಆಗುತ್ತದೆ. ಹತ್ತು ಲೀಟರ್ ಹಾಕಿಸುವಾಗ ಅರ್ಧ ಲೀಟರ್ ಆಚೀಚೆ ಆದರೆ ಅಲ್ಲೇ ಶೇಕಡ 5 ವ್ಯತ್ಯಾಸ. ಗಾಳಿಯನ್ನು ನೋಡಿ. 80ರಲ್ಲಿ ಹೋಗುತ್ತಿರುವಾಗ ಎದುರಿನಿಂದ ಗಂಟೆಗೆ 10 ಕಿ.ಮೀ. ಗಾಳಿ ಬೀಸಿದರೆ, ಅದು ಕೈಗೆ ತಂಪಾಗಿ ತಾಗುವಷ್ಟು ಸಣ್ಣ ಗಾಳಿ, ಕಾರಿಗೆ ಗಾಳಿಯ ತಡೆ ಶೇಕಡ 27ರಷ್ಟು ಹೆಚ್ಚುತ್ತದೆ. ಚಿತ್ರದುರ್ಗದ ಸುತ್ತ ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಅಲ್ಲಿ ಹೋಗುವಾಗ ಒಂದು ಮೈಲೇಜ್, ಬರುವಾಗ ಇನ್ನೊಂದು.

ಇನ್ನೊಂದು ಕಾರಣವೂ ಇದೆ. ಪಾಲಿಷ್ ಒಂದನ್ನೇ ಮಾಡಿಸುವವರು ಕಡಿಮೆ. ಸರ್ವಿಸ್‌ಗೆ ಬಿಟ್ಟಾಗ ಅದೂ ಆಗಲಿ ಅಂತ ಮಾಡಿಸುತ್ತಾರೆ. ಎಂಜಿನ್ ಆಯಿಲ್ ಬದಲಾಗಿರುತ್ತದೆ, ಟೈರಿಗೆ ಗಾಳಿ ಹಾಕಿರುತ್ತಾರೆ, ಹಿಡಿದುಕೊಂಡಿದ್ದ ಬ್ರೇಕ್ ಸಡಿಲ ಆಗಿರುತ್ತದೆ. ಮೈಲೇಜ್ ಏರಿದ್ದು ಅದರಿಂದ, ಹೆಸರು ಬಂದದ್ದು ಪಾಲಿಷ್‌ಗೆ. ಹೊಸದಾಗಿ ಹೊಳೆಯುವ ಕಾರನ್ನು ನಾಲ್ಕು ದಿನ ಮೆಲ್ಲಗೆ, ಜೋಪಾನವಾಗಿ ಓಡಿಸುವುದೂ ಉಂಟು.

ಒಂದು ಸಣ್ಣ ಲೆಕ್ಕ. ವರ್ಷಕ್ಕೆ 12,000 ಕಿ.ಮೀ., ಲೀಟರಿಗೆ 15 ಕಿ.ಮೀ., ಅಂದರೆ 800 ಲೀಟರ್, ನೂರು ರೂಪಾಯಿಯಂತೆ ಹಿಡಿದರೂ 80,000 ರೂಪಾಯಿ. ಪಾಲಿಷ್‌ನಿಂದ ಶೇಕಡ 0.1 ಉಳಿಯುತ್ತದೆ ಅಂತ ಉದಾರವಾಗಿ ಒಪ್ಪಿಕೊಂಡರೂ ಸಿಗುವುದು ವರ್ಷಕ್ಕೆ 80 ರೂಪಾಯಿ. ಸೆರಾಮಿಕ್ ಕೋಟಿಂಗ್‌ಗೆ ಕೇಳುವುದು ಹತ್ತಾರು ಸಾವಿರ. ಮೈಲೇಜ್‌ಗಾಗಿ ಮಾಡಿಸುತ್ತಿದ್ದರೆ ದಯವಿಟ್ಟು ಬೇಡ.

ಆ ದುಡ್ಡಿನ ಯೋಚನೆಯನ್ನು ಟೈರಿನ ಕಡೆ ತಿರುಗಿಸಿ. ಅಮೆರಿಕದ ಇಂಧನ ಇಲಾಖೆ ಹೇಳುವ ಪ್ರಕಾರ ನಾಲ್ಕೂ ಟೈರಿನಲ್ಲಿ ಗಾಳಿಯ ಒತ್ತಡ ಸರಾಸರಿ 1 ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಶೇಕಡ 0.2 ಇಳಿಯುತ್ತದೆ. 33 ಇರಬೇಕಾದಲ್ಲಿ 28 ಇದ್ದರೆ ಶೇಕಡ 1 ಹೋಯಿತು, ಮೇಲಿನ ಲೆಕ್ಕದಲ್ಲಿ 800 ರೂಪಾಯಿ. ಬಂಕಿನಲ್ಲಿ ಗಾಳಿ ಪುಕ್ಕಟೆ ಸಿಗುತ್ತದೆ. ಡಿಕ್ಕಿಯಲ್ಲಿ ಬೇಡದ 45 ಕಿಲೋ ಸಾಮಾನು ಇದ್ದರೆ ಅದರಿಂದ ಇನ್ನೊಂದು ಶೇಕಡ 1.

ಗಾಳಿಯ ಬಗ್ಗೆಯೇ ಕಾಳಜಿ ಇದ್ದರೆ ತಲೆ ಎತ್ತಿ ಟಾಪ್ ನೋಡಿ. ಧರ್ಮಸ್ಥಳಕ್ಕೋ ಶಬರಿಮಲೆಗೋ ಹೋಗುವಾಗ ಕ್ಯಾರಿಯರ್ ಹಾಕಿಸಿ ಲಗೇಜ್ ಕಟ್ಟುತ್ತೇವೆ, ಬಂದ ಮೇಲೆ ಅದನ್ನು ತೆಗೆಸುವುದೇ ಇಲ್ಲ. ಟಾಪ್ ಮೇಲೆ ದೊಡ್ಡ ಪೆಟ್ಟಿಗೆ ಇದ್ದರೆ ಮೈಲೇಜ್ ಊರೊಳಗೆ ಶೇಕಡ 2ರಿಂದ 8, ಹೆದ್ದಾರಿಯಲ್ಲಿ 6ರಿಂದ 17, ಗಂಟೆಗೆ 105–120 ಕಿ.ಮೀ. ವೇಗದಲ್ಲಿ 10ರಿಂದ 25ರವರೆಗೂ ಬೀಳಬಹುದು ಅಂತ ಅದೇ ಇಲಾಖೆಯ ಅಂಕಿ ಹೇಳುತ್ತದೆ. ಪಾಲಿಷ್‌ನ ಜೊತೆ ಇದನ್ನು ಹೋಲಿಸಲೂ ಆಗುವುದಿಲ್ಲ. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಕಟ್ಟಿದ ಬಾವುಟ ಹೆದ್ದಾರಿಯಲ್ಲಿ ಪಟಪಟ ಹಾರುವಾಗ ಅದೂ ಎಳೆಯುತ್ತದೆ. ದೂರ ಪ್ರಯಾಣಕ್ಕೆ ಹೊರಡುವಾಗ ಮಡಚಿ ಒಳಗಿಟ್ಟುಕೊಂಡರೆ ಬಾವುಟ ಹರಿಯುವುದೂ ತಪ್ಪುತ್ತದೆ. ಮುಂದೆ ಹಾಕಿಸುವ ಕಬ್ಬಿಣದ ಬುಲ್ ಬಾರ್ ತೂಕವನ್ನೂ ತಡೆಯನ್ನೂ ಹೆಚ್ಚಿಸುತ್ತದೆ. ಪಾದಚಾರಿಗಳಿಗೂ ಒಳಗಿರುವವರಿಗೂ ಅಪಾಯ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅದರ ವಿರುದ್ಧ ಕ್ರಮ ತೆಗೆದುಕೊಳ್ಳಲು ರಾಜ್ಯಗಳಿಗೆ ಸೂಚಿಸಿತ್ತು.

ಲಾರಿ ಇಟ್ಟುಕೊಂಡವರಿಗೆ ಇದು ಇನ್ನೂ ದೊಡ್ಡ ವಿಷಯ. ಅವರ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್. ತುಮಕೂರು, ದಾವಣಗೆರೆ, ಹುಬ್ಬಳ್ಳಿ ದಾರಿಯಲ್ಲಿ ಟಾರ್ಪಾಲ್ ಸಡಿಲವಾಗಿ ಬಡಿದುಕೊಂಡು ಹೋಗುವ ಲಾರಿಗಳನ್ನು ನೋಡಿದಾಗ ನನಗೆ ಬೇಜಾರಾಗುತ್ತದೆ. ಟಾರ್ಪಾಲ್ ಬಿಗಿಯಾಗಿ ಕಟ್ಟುವುದಕ್ಕೆ ಹಗ್ಗ ಮತ್ತು ಹತ್ತು ನಿಮಿಷ ಸಾಕು. ಕ್ಯಾಬಿನ್‌ಗಿಂತ ಲೋಡ್ ಎತ್ತರ ಇದ್ದರೆ ಮೇಲೆ ಇಳಿಜಾರಿನ ಗಾಳಿ ತಡೆ ಹಾಕಿಸುವುದರಿಂದಲೂ ಅನುಕೂಲ ಇದೆ. ಬೈಕಿನ ವಿಷಯದಲ್ಲಿ ಹೇಳುವುದು ಜಾಸ್ತಿ ಇಲ್ಲ. ಅಲ್ಲಿ ಗಾಳಿಗೆ ಅಡ್ಡ ಕೂತಿರುವುದು ನಾವೇ. ಟ್ಯಾಂಕ್ ಹೊಳೆಯುವಂತೆ ಉಜ್ಜುವ ಸಮಯದಲ್ಲಿ ಚೈನ್‌ಗೆ ಎಣ್ಣೆ ಹಾಕಿ.

ಬಣ್ಣದಿಂದ ಪೆಟ್ರೋಲ್‌ಗೆ ವ್ಯತ್ಯಾಸವೇ ಆಗುವುದಿಲ್ಲ ಅಂತಲ್ಲ. ಆಗುತ್ತದೆ, ಆದರೆ ಗಾಳಿಯ ಮೂಲಕ ಅಲ್ಲ, ಬಿಸಿಲಿನ ಮೂಲಕ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ ಹೋಂಡಾ ಸಿವಿಕ್ ಕಾರುಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ ಅಳೆದರು. ಬೆಳ್ಳಿ ಬಣ್ಣದ ಕಾರಿನ ಒಳಗಿನ ಗಾಳಿ 5–6 ಡಿಗ್ರಿ ತಣ್ಣಗಿತ್ತು. ಕಪ್ಪಿನ ಬದಲು ಬಿಳಿ ಅಥವಾ ಬೆಳ್ಳಿ ಬಣ್ಣ ಇದ್ದರೆ ಸಣ್ಣ ಎಸಿ ಸಾಕು, ಅದರಿಂದ ಇಂಧನದಲ್ಲಿ ಸುಮಾರು ಶೇಕಡ 2 ಉಳಿಸಬಹುದು ಅಂತ 2011ರಲ್ಲಿ ಲೆಕ್ಕ ಕೊಟ್ಟರು. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಕಾರು ಇಟ್ಟುಕೊಳ್ಳುವವರು ಹೊಸ ಕಾರು ಬುಕ್ ಮಾಡುವಾಗ ಇದನ್ನು ಯೋಚಿಸಲೇಬೇಕು. ಪೇಂಟಿನ ಹೊಳಪಿಗಿಂತ ಪೇಂಟಿನ ಬಣ್ಣಕ್ಕೆ ಎಷ್ಟೋ ಪಾಲು ಜಾಸ್ತಿ ಬೆಲೆ ಇದೆ. ನೆರಳಿನಲ್ಲಿ ನಿಲ್ಲಿಸುವುದಕ್ಕೂ ಅಷ್ಟೇ ಬೆಲೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಪಾಲಿಷ್ ದಂಡ ಅಂತ ನಾನು ಹೇಳುತ್ತಿಲ್ಲ. ಪಾಲಿಷ್ ಕ್ಲಿಯರ್ ಕೋಟನ್ನು ಸಣ್ಣಗೆ ಉಜ್ಜಿ ಸಮ ಮಾಡುತ್ತದೆ. ವ್ಯಾಕ್ಸ್ ಅದರ ಮೇಲೆ ತೆಳುವಾಗಿ ಕೂತು ಕಾಪಾಡುತ್ತದೆ. ಹಕ್ಕಿಯ ಹಿಕ್ಕೆ, ಮರದ ಅಂಟು, ಬೋರ್‌ವೆಲ್ ನೀರಿನ ಬಿಳಿ ಕಲೆ, ಬಿಸಿಲು, ಕಾರವಾರ ಮಂಗಳೂರಿನ ಉಪ್ಪುಗಾಳಿ, ಇವೆಲ್ಲ ಪೇಂಟಿಗೆ ನಿಜವಾದ ಶತ್ರುಗಳು. ವ್ಯಾಕ್ಸ್ ಹಾಕಿದ ಕಾರು ಬೇಗ ಮಂಕಾಗುವುದಿಲ್ಲ, ಮಾರುವಾಗ ನಾಲ್ಕು ಕಾಸು ಜಾಸ್ತಿ ಬರುತ್ತದೆ, ನೋಡಲು ಖುಷಿಯಾಗುತ್ತದೆ. ಇಷ್ಟು ಕಾರಣ ಸಾಕಲ್ವಾ? ಮೆಷಿನ್ ಪಾಲಿಷ್ ಮಾತ್ರ ಪದೇ ಪದೇ ಬೇಡ. ಪ್ರತಿ ಸಲವೂ ಆ 40–50 ಮೈಕ್ರಾನ್ ಪದರದಲ್ಲಿ ಸ್ವಲ್ಪ ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ತೊಳೆಯುವುದಾದರೂ ಕೆಸರನ್ನು ತೊಳೆಯಿರಿ. ಮಲೆನಾಡಿನ ಮಣ್ಣು ರಸ್ತೆಯಲ್ಲಿ ಮಳೆಗಾಲದಲ್ಲಿ ಓಡಾಡಿದ ಗಾಡಿಯ ಚಕ್ರದ ಗೂಡಿನಲ್ಲಿ, ಅಡಿಭಾಗದಲ್ಲಿ ಕಿಲೋಗಟ್ಟಲೆ ಮಣ್ಣು ಕೂತಿರುತ್ತದೆ. ರಿಮ್ಮಿನ ಒಳಗೆ ಒಣಗಿದ ಕೆಸರಿನಿಂದ ಚಕ್ರದ ಬ್ಯಾಲೆನ್ಸ್ ತಪ್ಪುತ್ತದೆ. ಬ್ರೇಕಿನ ಹತ್ತಿರ ಸೇರಿಕೊಂಡರೆ ಚಕ್ರ ಹಿಡಿದುಕೊಳ್ಳಬಹುದು. ಇದನ್ನು ತೆಗೆದರೆ ಮೈಲೇಜ್‌ಗೂ ಒಳ್ಳೆಯದು, ತುಕ್ಕೂ ಹಿಡಿಯುವುದಿಲ್ಲ. ಹೊರಗಿನ ತೆಳು ಧೂಳಿಗೆ ದಿನಾ ಬಕೆಟ್‌ಗಟ್ಟಲೆ ನೀರು ಸುರಿಯುವ ಅಗತ್ಯ ಇಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿನ ತೊಂದರೆ ಬಂದಾಗ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನೆನಪಿರಬಹುದು.

ನಂಬಿಕೆ ಬರದಿದ್ದರೆ ನೀವೇ ಪರೀಕ್ಷೆ ಮಾಡಬಹುದು, ಪೆಟ್ರೋಲ್ ಅಳೆಯುವ ಗೋಜೇ ಇಲ್ಲದೆ. ಕಾರು ಕಂಪನಿಗಳೂ ಇದೇ ರೀತಿ ರಸ್ತೆಯ ತಡೆಯನ್ನು ಅಳೆಯುತ್ತವೆ. ವಾಹನ ಓಡಾಡದ, ನೇರವಾದ, ಸಮತಟ್ಟಾದ ಖಾಲಿ ರಸ್ತೆ ಬೇಕು. ಗಾಳಿ ಇಲ್ಲದ ಬೆಳಗ್ಗೆ ಹೊತ್ತು ಒಳ್ಳೆಯದು. ಮೊದಲು ಅರ್ಧ ಗಂಟೆ ಓಡಿಸಿ ಟೈರ್ ಬಿಸಿ ಮಾಡಿಕೊಳ್ಳಿ. 80 ತಲುಪಿದ ಮೇಲೆ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಮಾತ್ರ ಆಫ್ ಮಾಡಬೇಡಿ, ಸ್ಟಿಯರಿಂಗ್ ಮತ್ತು ಬ್ರೇಕ್‌ಗೆ ಅದು ಬೇಕು. 80ರಿಂದ 60ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಆಯಿತು ಅಂತ ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ. ಅದೇ ಜಾಗದಲ್ಲಿ ಎರಡೂ ದಿಕ್ಕಿನಲ್ಲಿ ಹಲವು ಸಲ ಮಾಡಿ ಸರಾಸರಿ ತೆಗೆಯಿರಿ. ಪಾಲಿಷ್ ಮಾಡಿಸಿ, ಅಷ್ಟೇ ಟೈರ್ ಪ್ರೆಶರ್ ಇಟ್ಟುಕೊಂಡು, ಅದೇ ಜಾಗದಲ್ಲಿ ಮತ್ತೆ ಮಾಡಿ. ಒಂದು ಓಟಕ್ಕೂ ಇನ್ನೊಂದು ಓಟಕ್ಕೂ ಮಾಮೂಲಾಗಿ ಬರುವ ವ್ಯತ್ಯಾಸದೊಳಗೇ ಪಾಲಿಷ್‌ನ ವ್ಯತ್ಯಾಸ ಮುಳುಗಿಹೋಗಿರುತ್ತದೆ. ಟಾಪ್ ಮೇಲೆ ಲಗೇಜ್ ಕಟ್ಟಿಕೊಂಡು ಒಮ್ಮೆ, ಅದೇ ಲಗೇಜನ್ನು ಡಿಕ್ಕಿಯಲ್ಲಿಟ್ಟು ಕ್ಯಾರಿಯರ್ ಬಿಚ್ಚಿ ಇನ್ನೊಮ್ಮೆ ಮಾಡಿ ನೋಡಿ. ಆಗ ಸೆಕೆಂಡುಗಳಲ್ಲೇ ವ್ಯತ್ಯಾಸ ಸಿಗುತ್ತದೆ.